ಒಂದು ಟ್ಯೂಬಿಗೆ ಐವತ್ತು ಸೊಳ್ಳೆ

...ಇಲ್ಲ ಕಣೇ, ಯಾರೂ ಏನೂ ಅನ್ನಲ್ಲ. ನನ್ನ ತಂಗಿ ಅಂತ ಹೇಳಿದೀನಿ. ಆ ಸ್ಟೂಲ್ ಮೇಲೆ ಕೂತ್ಕೋ. ಈ ತಟ್ಟೆ ಮಾತ್ರ ಮುಟ್ಬೇಡ, ಐಸ್ ಥರ ಇದೆ... ಇವು ಎದ್ದು ಹಾರಬಾರದಲ್ಲ, ಅದಕ್ಕೆ. ಏನ್ ಹಾಗೆ ನೋಡ್ತೀಯ? ಸೊಳ್ಳೆಗಳೇ! ನಿಮ್ಮ ಬೀದೀಲಿ ಇಟ್ಟಿದ್ದೀವಲ್ಲ ಬಲೆ, ಅದರಲ್ಲಿ ಬಿದ್ದಿದ್ದು.

ಆಸ್ಪತ್ರೆಯಿಂದಾನೇ ಬಂದ್ಯಾ? ನಿಮ್ಮನೆಯವರು ಇವತ್ತಾದ್ರೂ ಗುರುತು ಹಿಡಿದ್ರಾ? ...ನಿನ್ನನ್ನೂ ಇಲ್ವಾ? ಹಿಡೀತಾರೆ ಬಿಡೇ. ಮೆದುಳು ಜ್ವರ ಅಂದ್ರೆ ಹಾಗೇ, ನಿಧಾನ. ಕೈಯಂತೂ ಆಡ್ತಿದೆ. ಹೊದಿಕೆ ಅಂಚನ್ನ ಮಡಿಸೋದು, ಮಡಿಸೋದು... ಹೊಲಿಗೆ ಹಾಕೋಕೆ ಹೊರಟ ಹಾಗೆ. ದರ್ಜಿ ಕೈ ನೋಡು.

ನನಗೆ ಅಳು ಬರಲ್ವಾ ಅಂತ ನೋಡ್ತಿದ್ದೀಯಾ? ಬರ್ತಿಲ್ಲ ಕಣೇ. ಏನೂ ಬರ್ತಿಲ್ಲ. ಎಣಿಸ್ತಾ ಇದ್ರೆ ಹೊತ್ತು ಹೋಗುತ್ತೆ. ಹೆಣ್ಣು ಈ ಕಡೆ, ಗಂಡು ಆ ಕಡೆ. ಗಂಡು ಕಚ್ಚಲ್ಲ. ಐವತ್ತು ಹೆಣ್ಣಿಗೆ ಒಂದು ಟ್ಯೂಬು, ಅರೆದು ಟೆಸ್ಟ್ ಮಾಡೋದು. ವೈರಸ್ ಕಂಡ್ರೆ ದೊಡ್ಡ ಲ್ಯಾಬಿಗೆ ಕಳಿಸ್ತೀವಿ. ಅವರೂ ಹೌದು ಅನ್ನೋವರೆಗೆ ನಾವು ಬಾಯಿ ಬಿಡೋ ಹಾಗಿಲ್ಲ. ಹೋದ ವರ್ಷ ಒಬ್ಬ ಬಾಯಿ ಬಿಟ್ಟು ಕೆಲಸ ಕಳ್ಕೊಂಡ. ಈ ಸಲ ಹತ್ತು ದಿನ ಹಿಡೀತು. ಆಮೇಲೆ ಬಂದು ಹೊಗೆ ಹೊಡೆದ್ರಲ್ಲ ನಿಮ್ಮ ಬೀದಿಗೆ... ಅಷ್ಟರಲ್ಲಿ ನಿಮ್ಮನೆಯವರು ಜ್ವರ ಬಂದು ಮಲಗಿಬಿಟ್ಟಿದ್ರು.

ಏನೇ ಅದು, ಬೆರಳು ಮಡಿಸಿ ಲೆಕ್ಕ? ಹೊಗೆ ಹೊಡೆದ ದಿನದಿಂದ ಹಿಂದಕ್ಕಾ? ...ಅವರಿಗೆ ಯಾವತ್ತು ಕಚ್ಚಿತೋ ಯಾರಿಗೆ ಗೊತ್ತು! ಮುಂಚೇನೇ ಕಚ್ಚಿರಬಹುದು. ಸಂಜೆ ಬೆಳಕು ಬೇಕು ಅಂತ ಬಾಗಿಲು ಹಾರುಹೊಡೆದು ಮಿಷನ್ ಮುಂದೆ ಕೂರ್ತಿದ್ರು, ಅದಕ್ಕೆ ನಾನೇನು...

ಮಾತಾಡೇ. ಬೈದಾದ್ರೂ ಬಿಡು.

...ಹೂಂ. ಮಂಗಳವಾರ. ಸರಿಯಾಗೇ ಎಣಿಸಿದ್ದೀಯ. ಮಂಗಳವಾರ ಬೆಳಿಗ್ಗೆ ಟ್ಯೂಬಲ್ಲಿ ಕಂಡಿತು. ಮಧ್ಯಾಹ್ನ ನಿನಗೆ ಫೋನ್ ಮಾಡಿದೆ. ನನ್ನ ಮಗಳು ಇನ್ಮೇಲೆ ಸ್ಕೂಲ್ ಮುಗಿಸಿ ನಿಮ್ಮನೆಗೆ ಬರಲ್ಲ, ಪರೀಕ್ಷೆ ಇದೆ, ನಮ್ಮನೇಲೇ ಓದ್ಕೋತಾಳೆ ಅಂತ. ಸಂಜೆ ಬಾಗಿಲು ಹಾಕ್ಕೋ ಅಂತ ಇನ್ನೊಂದು ಮಾತು... ನಾಲಿಗೆ ತುದೀಲಿತ್ತು. ಕೆಲಸ ಹೋದ್ರೆ ಅಂತ ನುಂಗಿಕೊಂಡೆ.

ಪರೀಕ್ಷೆ ಇರಲಿಲ್ಲ ಕಣೇ ಅವಳಿಗೆ. ನೀನು ಪಾಪ, ಚೆನ್ನಾಗಿ ಬರೀಲಿ ಅಂದೆ.