ಬೋಲ್ಟು ಹಾಕದ ಅಡ್ಡಮರ

ಕಡಲ ಬದಿಯ ಒಂದೂರು. ಆ ಊರಲ್ಲೊಬ್ಬ ಸಾಹುಕಾರ. ಅವನ ತೋಟ, ಗದ್ದೆಯ ಕತೆ ಬಿಡಿ. ಅವನಿಗೆ ಪ್ರಾಣವಾಗಿದ್ದದ್ದು ಅಪ್ಪನ ಕಾಲದ ಒಂದು ಹಾಯಿದೋಣಿ.

ನೋಡಿ, ಗಾಳಿ ಜೋರಾದಾಗ ಹಾಯಿಯನ್ನು ಕಿರಿದು ಮಾಡಬೇಕು. ಇಲ್ಲದಿದ್ದರೆ ದೋಣಿ ಮಗುಚುತ್ತದೆ. ಈ ದೋಣಿಯಲ್ಲಿ ಹಾಯಿಯ ಬುಡಕ್ಕೊಂದು ಅಡ್ಡಮರ, ಅದರ ತುದಿಗೆ ಹಲ್ಲಿನ ಚಕ್ರ, ಚಕ್ರಕ್ಕೆ ಸಿಕ್ಕಿಸಿ ತೆಗೆಯುವ ಒಂದು ಕಬ್ಬಿಣದ ಹ್ಯಾಂಡಲ್. ಹ್ಯಾಂಡಲ್ ತಿರುಗಿಸಿದರೆ ಮರವೇ ಉರುಳಿ, ಚಾಪೆ ಸುತ್ತಿದ ಹಾಗೆ ಹಾಯಿ ಅದಕ್ಕೆ ಸುತ್ತಿಕೊಳ್ಳುತ್ತಿತ್ತು. ಅಪ್ಪನ ಕಾಲಕ್ಕೆ ಚೆನ್ನಾಗಿತ್ತು. ಈಗ ಹಲ್ಲು ಸವೆದಿತ್ತು. ಸುತ್ತಿದ ಹಾಯಿ ಸುಕ್ಕುಗಟ್ಟಿ, ಅರ್ಧದಲ್ಲೇ ಬಿಚ್ಚಿಕೊಳ್ಳುತ್ತಿತ್ತು.

ಸಾಹುಕಾರ ಹೊಸ ಪದ್ಧತಿ ಮಾಡಿಸಿದ. ಹಾಯಿಗೆ ಅಡ್ಡಸಾಲಾಗಿ ಉಂಗುರ ಹೊಲಿಸಿದ, ಮರದ ಪಕ್ಕಕ್ಕೆ ರಾಟೆ ಜಡಿಸಿದ, ಹಗ್ಗ ಪೋಣಿಸಿದ. ಹಾಯಿಯನ್ನು ಕೊಂಚ ಇಳಿಸಿ ಹಗ್ಗ ಎಳೆದರೆ ಉಂಗುರದ ಸಾಲು ಬಂದು ಮರದ ಮೇಲೆ ಕೂರಬೇಕು. ಉಳಿದ ಬಟ್ಟೆಯನ್ನು ಮಡಚಿ ಕಟ್ಟಿದರಾಯಿತು. ಮರ ಇನ್ನು ಉರುಳಬೇಕಾಗಿಲ್ಲ. ಉರುಳಲೇಬಾರದು. ಚಕ್ರಕ್ಕೊಂದು ತೂತು ಕೊರೆದು ಬೋಲ್ಟು ಬಿಗಿದರೆ ಕೆಲಸ ಮುಗಿಯಿತು.

ಆ ಒಂದು ಬೋಲ್ಟನ್ನು ಹಾಕಲಿಲ್ಲ ಮಹಾಶಯ! ಯಾಕೆ? ಪ್ರತಿ ಆಯುಧಪೂಜೆಗೆ ಆ ಚಕ್ರಕ್ಕೂ ಹ್ಯಾಂಡಲಿಗೂ ಕುಂಕುಮವಿಟ್ಟು ಹೂ ಏರಿಸುತ್ತಿದ್ದ ಮನೆ ಅದು.

"ಹೋಯ್ ಭಾವಾ, ಇದನ್ನು ಹೀಗೇ ಬಿಟ್ಟದ್ದು ಎಂತಕ್ಕೆ?" ಎಂದ ತಂಗಿಯ ಗಂಡ.

"ಪೂಜೆ ಆದ ಚಕ್ರಕ್ಕೆ ತೂತು ಕೊರೆಯುದಾ? ಅಪ್ಪಯ್ಯ ಹಿಡಿದ ಹ್ಯಾಂಡಲ್ ಅದು."

"ಅಪ್ಪಯ್ಯ ಹಿಡಿದ ಕೊಡೆಯೂ ಅಟ್ಟದ ಮೇಲೆ ಉಂಟಲ್ಲ. ಮಳೆಗೆ ಅದನ್ನೇ ಹಿಡೀತೀರಾ?"

"ಬಾಯಿ ಮುಚ್ಚು ಮಾರಾಯಾ. ಇರಲಿ ಬಿಡು, ಬೇಕಾದೀತು."

ಇರಲಿ ಬಿಡು, ಬೇಕಾದೀತು. ಈ ಮಾತು ನೆನಪಿಟ್ಟುಕೊಳ್ಳಿ. ಹಿಂದೆ ಕೂತು ಪಿಸುಗುಡುವವರೂ ನೆನಪಿಟ್ಟುಕೊಳ್ಳಿ. ನಿಮಗೇ ಹೇಳುತ್ತಿರುವುದು.

ತಂಗಿಯ ಗಂಡನ ಮನೆ ಎದುರಿನ ದ್ವೀಪದಲ್ಲಿ. ತುಂಬು ಬಸುರಿ ತಂಗಿಯನ್ನು ಬಾಣಂತನಕ್ಕೆ ತವರಿಗೆ ಕರೆತರಬೇಕಿತ್ತು. ಬೆಳಗಿನ ಒಳ್ಳೆಯ ಹೊತ್ತು ನೋಡಿ ಮೂವರೂ ದ್ವೀಪದಿಂದ ಹೊರಟರು. ಅರ್ಧ ದಾರಿಯಲ್ಲಿ ಪಡುವಣ ಕಪ್ಪಾಯಿತು. ಗಾಳಿ ಎದ್ದಿತು. ದೋಣಿ ಒಂದು ಮಗ್ಗುಲಿಗೆ ವಾಲಿತು.

ಸಾಹುಕಾರ ಹಾಯಿ ಇಳಿಸಿ ಹೊಸ ಹಗ್ಗ ಎಳೆದ. ಉಂಗುರ ಕೆಳಗೆ ಬರಲಿಲ್ಲ, ಮರವೇ ಹೊರಳಿತು! ಪಕ್ಕದಲ್ಲಿದ್ದ ರಾಟೆ ಅಡಿಗೆ ಹೋಯಿತು, ಹಗ್ಗ ಮರಕ್ಕೆ ಸುತ್ತಿ ಸಿಕ್ಕಿಕೊಂಡಿತು. ಬಿಡಿಸಿದ. ಮತ್ತೆ ಎಳೆದ. ಮತ್ತೆ ಹೊರಳಿತು. ಅರ್ಧ ಇಳಿದ ಹಾಯಿ ಪಟಪಟ ಹೊಡೆದುಕೊಳ್ಳುತ್ತಿದೆ, ನೀರು ಒಳಗೆ ನುಗ್ಗುತ್ತಿದೆ. ತಂಗಿ ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ದೋಣಿಯ ಅಂಚು ಹಿಡಿದಿದ್ದಾಳೆ. ಅವಳ ಮುಖ ನೋಡಲು ಅವನಿಗೆ ಧೈರ್ಯವಿಲ್ಲ. ತಾಯಿಗೆ ಏನು ಹೇಳಲಿ? ಇದೊಂದೇ ತಲೆಯಲ್ಲಿ.

"ಚಕ್ರದ ಹಲ್ಲಿಗೆ ಆ ಹ್ಯಾಂಡಲ್ಲನ್ನೇ ತುರುಕಿ ಭಾವಾ!" ಚುಕ್ಕಾಣಿ ಹಿಡಿದಿದ್ದ ತಂಗಿಯ ಗಂಡ ಕೂಗಿದ.

ಸಾಹುಕಾರ ಹ್ಯಾಂಡಲ್ ಎತ್ತಿಕೊಂಡ. ಅದರ ಮೇಲೆ ಕುಂಕುಮ ಇನ್ನೂ ಇತ್ತು. ಕೈ ತಡೆಯಿತು. ನೋಡಿ, ಆಗಲೂ ತಡೆಯಿತು!

"ಅಣ್ಣಾ," ತಂಗಿ ಚೀರಿದಳು, "ಅಪ್ಪಯ್ಯ ಇದ್ದಿದ್ರೆ ಹ್ಯಾಂಡಲ್ ನೋಡ್ತಿದ್ರಾ, ನನ್ನನ್ನ ನೋಡ್ತಿದ್ರಾ?"

ಹಲ್ಲುಗಳ ನಡುವೆ ತುರುಕಿ ಲಂಗರಿನಿಂದ ಬಡಿದ. ಹಲ್ಲು ಮುರಿದವು, ಹ್ಯಾಂಡಲ್ ಬಾಗಿತು, ಚಕ್ರ ಕಚ್ಚಿ ನಿಂತಿತು. ಹಗ್ಗ ಎಳೆದ. ಉಂಗುರದ ಸಾಲು ಇಳಿದು ಬಂದು ಮರದ ಮೇಲೆ ಕೂತಿತು. ವಾಲಿದ ದೋಣಿ ಮೆಲ್ಲಗೆ ಎದ್ದಿತು.

ದಡ ಸೇರಿದರು. ತಂಗಿಯನ್ನು ಕೈಹಿಡಿದು ಇಳಿಸಿದ.

ಈಗ ಹೇಳಿ, ಆ ಚಕ್ರ ಉಳಿಯಿತೇ? ನೆಲದ ಮೇಲೆ, ಬಿಸಿಲಲ್ಲಿ, ಸಮಾಧಾನವಾಗಿ ಒಂದು ತೂತು ಕೊರೆಯಲು ಮನಸ್ಸು ಬರಲಿಲ್ಲ. ಕಡಲ ನಡುವೆ ಬಸುರಿ ತಂಗಿಯ ಎದುರಿಗೆ ಪುಡಿ ಮಾಡಬೇಕಾಯಿತು.

ನಗಬೇಡಿ. ಕುಡಿಯುವುದಿಲ್ಲ ಎಂದು ದೇವರ ಮುಂದೆ ಆಣೆ ಇಟ್ಟವನೇ, ಅಕ್ಕಿ ಡಬ್ಬಿಯ ಹಿಂದೆ ಆ ಬಾಟಲಿ ಯಾಕಿದೆ? ನೆಂಟರು ಬಂದರೆ ಬೇಕಾದೀತು! ಓರಗಿತ್ತಿಯ ಜೊತೆ ರಾಜಿಯಾದೆ ಎನ್ನುವ ತಾಯೀ, ಅವಳು ಅಂದು ಆಡಿದ ಮಾತನ್ನು ಒಂದಕ್ಷರ ಬಿಡದೆ ಯಾಕೆ ನೆನಪಿಟ್ಟಿದ್ದೀರಿ? ಮುಂದಿನ ಜಗಳಕ್ಕೆ ಬೇಕಾದೀತು! ಹೊಸ ಹಗ್ಗ ಕಟ್ಟಿದ್ದೀರಿ, ಸಂತೋಷ. ಹಳೆಯದು ತಿರುಗುತ್ತಲೇ ಇದೆಯಲ್ಲ! ಗಾಳಿ ಬಂದ ದಿನ ಹೊಸ ಹಗ್ಗವನ್ನೂ ಅದೇ ಸುತ್ತಿ ಹಾಕುತ್ತದೆ. ಆ ದಿನ ದೋಣಿಯಲ್ಲಿ ನೀವೊಬ್ಬರೇ ಇರುವುದಿಲ್ಲ.

ಮನೆಗೆ ಹೋದ ಕೂಡಲೇ ಆ ಬಾಟಲಿಯನ್ನು ಬಚ್ಚಲಿಗೆ ಸುರಿಯಿರಿ. ಸಂಜೆಯೊಳಗೆ ಓರಗಿತ್ತಿಯ ಮನೆಗೆ ಹೋಗಿ ಒಂದು ಲೋಟ ನೀರು ಕೇಳಿ ಕುಡಿದು ಬನ್ನಿ. ಈ ಹೊತ್ತು ಗಾಳಿ ಇಲ್ಲ. ಬೋಲ್ಟು ಬಿಗಿಯುವುದು ಗಾಳಿ ಇಲ್ಲದಾಗಲೇ.