ನೀನಾನ ರೇಡಿಯೋ ಪೆಟ್ಟಿಗಿ

...ಇಲ್ಲ, ಅದು ಸ್ಟಾಫರ್ಡ್‌ನ್ಯಾಗ ಅಲ್ಲವ್ವಾ, ಇಲ್ಲೇ ಟೆಕ್ಸಾಸಿನ ಕ್ಲಿಯರ್ ಲೇಕ್‌ನ್ಯಾಗ. ನಿಮ್ಮ ಅಜ್ಜಂದು ನೌಕರಿ ಹೋಗಿತ್ತು, ನಿಮ್ಮಪ್ಪ ಇನ್ನೂ ಸಣ್ಣಾಂವ. ನನಗ ಕುಂತಲ್ಲಿ ಕೂಡ್ಲಿಕ್ಕೆ ಆಗ್ತಿದ್ದಿಲ್ಲ. ಹುಬ್ಬಳ್ಳಿಯೊಳಗ ನಮ್ಮಪ್ಪಂದು ರೇಡಿಯೋ ರಿಪೇರಿ ಅಂಗಡಿ ಇತ್ತಲ್ಲ, ಸೋಲ್ಡರ್ ಮಾಡೂದು ನನಗ ಬರ್ತಿತ್ತು. ಅದೊಂದs ಧೈರ್ಯದ ಮ್ಯಾಲೆ ಟಾಮ್ ಅಂತ ಒಬ್ಬಾಂವನ ರಿಪೇರಿ ಅಂಗಡಿಗೆ ಹೋಗಿ, ಕೆಲಸ ಕೊಡು ಅಂದೆ. ಒಂದು ವಾರ ನೋಡ್ತೀನಿ ಅಂದ. ಅದs ನನ್ನ ಮೊದಲನೇ ನೌಕರಿ.

ಮೂರನೇ ದಿನ, ಅಲ್ಲ, ನಾಕನೇ ದಿನ, ನೀನಾ ಅಂತ ರಷ್ಯಾದ ಮುದುಕಿ ಬಂದ್ಲು. ಮಗಳು ಇಲ್ಲೇ ಎಂಜಿನಿಯರ್. ಇಷ್ಟು ದೊಡ್ಡ ಕಟ್ಟಿಗಿ ಪೆಟ್ಟಿಗಿ ತಂದಿದ್ಲು, ಸೋವಿಯತ್ ಕಾಲದ್ದು. ಮೊದಲ ರಷ್ಯಾದವರು ಬರೇ ರೇಡಿಯೋ ಮಾಡ್ತಿದ್ರಂತ, ಆಮ್ಯಾಲೆ ಅದರ ನೆತ್ತಿಮ್ಯಾಲೆ ರೆಕಾರ್ಡ್ ಪ್ಲೇಯರ್ ಕೂಡ್ಸಿ ಎರಡೂ ಒಂದs ಮಾಡಿದ್ರು. ಒಳಗ ನಮ್ಮಪ್ಪನ ಅಂಗಡಿಯೊಳಗ ಇದ್ದಂಥವೇ ಗಾಜಿನ ಬಲ್ಬಿನಂಥ ವಾಲ್ವು! ಇಲ್ಲಿ ಟ್ಯೂಬ್ ಅಂತಾರ. ನೀನಾನ ಗಂಡ ಸತ್ತಿದ್ದ. ಅಂವ ಹರೇದಾಗ ಬ್ಯಾರೆ ಊರಿಗೆ ಹೋದಾಗ ಪತ್ರದ ಬದಲಿ ತನ್ನ ದನಿನ ಒಂದು ತೆಳು ರೆಕಾರ್ಡಿನ ಮ್ಯಾಲೆ ತುಂಬಿಸಿ ಕಳ್ಸಿದ್ದ. ಅಂವನ ದನಿ ಉಳದದ್ದು ಅದೊಂದರಾಗ. ಅದನ್ನ ಕೇಳಬೇಕಿತ್ತು ಆಕಿಗೆ.

ಸುಟ್ಟ ಭಾಗ ಬದಲಿಸ್ದೆ, ಪೆಟ್ಟಿಗಿ ಬೆನ್ನಿಗಿದ್ದ ವೋಲ್ಟೇಜ್ ಗುಂಡಿ ಇಲ್ಲೀ ಕರೆಂಟಿಗೆ ಹೊಂದಿಸ್ದೆ, ವಾಲ್ವು ಕೆಂಪಗ ಹತ್ಕೊಂಡ್ವು. ಆಕೀನ ಕರೆಸಿ ರೆಕಾರ್ಡ್ ಹಚ್ಚಿದ್ರ, ಅಯ್ಯ, ಗಂಡಸಿನ ದನಿ ಸಣ್ಣ ಹುಡುಗಿ ಚೀರಿದ್ಹಂಗ! ನೀನಾ ಬಿಳಚಿಕೊಂಡ್ಲು. "ಇದು ನನ್ನ ಗಂಡ ಅಲ್ಲ. ಕೆಡಿಸಿಬಿಟ್ಟಿ ನೀನು!" ಅಂತ ಅಳ್ಲಿಕ್ಕೆ ಹತ್ತಿದ್ಲು. ಟಾಮ್ ನನ್ನ ಕಡೆ ನೋಡಿ, "ನೀ ಮನಿಗೆ ಹೋಗು" ಅಂದ.

ಹೆಂಗ ಹೋಗ್ಲಿ? ಮನಿಯೊಳಗ ನಿಮ್ಮ ಅಜ್ಜ ದಾರಿ ನೋಡ್ಕೋತ ಕುಂತಿರ್ತಿದ್ರು. "ಒಂದು ತಾಸು ಕೊಡು" ಅಂದೆ. ಅಂಗಡಿ ತುಂಬ ಅತ್ತಿಂದಿತ್ತ ತಿರುಗಿದೆ, ತಿರುಗಿದೆ. ಕಡೀಕ ರೆಕಾರ್ಡ್ ತಿರುಗಿಸೋ ಮೋಟಾರಿನ ತಗಡಿನ ಮ್ಯಾಲೆ ಕಣ್ಣು ಬಿತ್ತು. ಐವತ್ತು ಅಂತ ಬರದಿತ್ತು. ರಷ್ಯಾದ ಕರೆಂಟ್ ನಮ್ಮ ಹುಬ್ಬಳ್ಳಿದ್ಹಂಗ ಸೆಕೆಂಡಿಗೆ ಐವತ್ತು ಸಲ ಹಿಂದಮುಂದ ಆಗ್ತದ, ಐವತ್ತು ಸೈಕಲ್ ಅಂತಾರ, ಇಲ್ಲೀದು ಅರವತ್ತು! ಮೋಟಾರು ಜೋರು ಓಡ್ತಿತ್ತು, ಅದಕ ದನಿ ಚೀರ್ತಿತ್ತು.

ಮೋಟಾರಿನ ತುದಿಗಿರೋ ಹಿತ್ತಾಳಿ ಗಾಲಿ ಸಣ್ಣದು ಮಾಡಿದ್ರ ರೆಕಾರ್ಡ್ ಇಡೋ ತಟ್ಟಿ ನಿಧಾನ ತಿರುಗತದ. ಆದ್ರ ಜಾಸ್ತಿ ತಿಕ್ಕಿದ್ರ ಮುಗೀತು, ಅಂಥಾದ್ದು ಇಡೀ ಟೆಕ್ಸಾಸ್‌ನ್ಯಾಗ ಇನ್ನೊಂದು ಎಲ್ಲಿ ಸಿಗಬೇಕು? ಆ ರೆಕಾರ್ಡ್ ನಿಮಿಷಕ್ಕ ಮೂವತ್ಮೂರು ಸುತ್ತು ತಿರುಗಬೇಕು ನೋಡು. ಸಣ್ಣ ಕಾನಸಿಂದ, ಅಂದ್ರ ಅರದಿಂದ, ಸ್ವಲ್ಪ ತಿಕ್ಕೂದು, ಗಡಿಯಾರ ಹಿಡದು ಸುತ್ತು ಎಣಿಸೂದು. ನಿಮಿಷಕ್ಕ ನಲವತ್ತು. ಮೂವತ್ತೇಳು. ಮೂವತ್ತೈದು. ಮತ್ತ ತಿಕ್ಕೂದು. ಮೂವತ್ಮೂರಕ್ಕ ಬಂತು, ಕಾನಸು ಕೆಳಗಿಟ್ಟೆ.

ನೀನಾ ಅಲ್ಲೇ ಕುಂತಿದ್ಲು, ನನ್ನ ಮಾರಿ ಸೈತ ನೋಡ್ಲಿಲ್ಲ. ರೆಕಾರ್ಡ್ ಹಚ್ಚಿದೆ. ದಪ್ಪ ದನಿ ಬಂತು, ನಿಧಾನಕ್ಕ ಏನೋ ಹೇಳ್ತು. ಆಕಿ ಬಾಯಿಮ್ಯಾಲೆ ಕೈ ಇಟ್ಕೊಂಡ್ಲು, ಆಮ್ಯಾಲೆ ನಗ್ಲಿಕ್ಕೆ ಹತ್ತಿದ್ಲು. "ಏನಂತಾರ?" ಅಂತ ಕೇಳಿದೆ. "ಸ್ವೆಟರ್ ಯಾಕ ಚೀಲದಾಗ ಇಡ್ಲಿಲ್ಲ ಅಂತ ಬೈತಾನ!" ಅಂದ್ಲು. ಟಾಮ್ ಮುಂದಿನ ರೇಡಿಯೋ ತಂದು ನನ್ನ ಮುಂದ ಇಟ್ಟ, ಅಷ್ಟs.

ಅದಕ ಹೇಳ್ತೀನಿ, ಏನಾರ ಕೆಟ್ಟದ ಅನ್ನೂಕಿಂತ ಮೊದಲ ಎಲ್ಲಿಂದ ಬಂದದ ಅಂತ ಕೇಳ್ರಿ. ಏಳ್ರಿನ್ನ, ಒಳಗ ನಡೀರಿ, ಬಿಸಲು ಬಂತು.