ಬ್ಯಾಂಜೋ ಸರದಿ ಮತ್ತು ಭಾನುವಾರದ ಊಟ

ಸಭಾಧ್ಯಕ್ಷರೂ ನಮ್ಮ ಎಲ್ಕ್ ಲಿಕ್ ಕೊಳ್ಳದ ಅಗ್ನಿಶಾಮಕ ದಳದ ಮುಖ್ಯಸ್ಥರೂ ಆದ, ತಮ್ಮ ಲಾರಿಗಳನ್ನು ಹೊರಗೆ ಚಳಿಯಲ್ಲಿ ನಿಲ್ಲಿಸಿ ಒಳಗೆ ನಮಗೆ ಕುರ್ಚಿ ಹಾಕಿಸಿಕೊಟ್ಟ ಗಾರ್ನೆಟ್ ಅವರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ನಮ್ಮ ಬ್ಲೂಗ್ರಾಸ್ ಸಂಗೀತದ ಗುರುಗಳಾದ ಲವಾನ್ ಪ್ರೇಟರ್ ಅವರೇ, ಹಿಂದಿನ ಮೇಜಿನಿಂದ ಕಾರ್ನ್‌ಬ್ರೆಡ್ಡಿನ ವಾಸನೆ ಬರುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ಸಹೃದಯ ಸಭಿಕರೇ,

ಶಿಷ್ಯರ ಪರವಾಗಿ ಎರಡು ಮಾತಾಡಲು ನನಗೆ ಹೇಳಿದ್ದಾರೆ. ಮೊದಲ ಸಾಲಿನಲ್ಲಿ ಕುಳಿತಿರುವ ನನ್ನ ಮಗಳು ಟ್ರೆಸಾ ಬರುವಾಗಲೇ ಎಚ್ಚರಿಸಿದ್ದಾಳೆ. "ಅಪ್ಪಾ, ಸಂಗೀತ ಕಲಿತಿದ್ದರ ಬಗ್ಗೆ ಮಾತ್ರ ಮಾತಾಡು. ಮನೆ ಕಥೆ ತೆಗೀಬೇಡ." ತೆಗೆಯುವುದಿಲ್ಲ. ಸಂಗೀತದ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಾನು ಹೋಬಾರ್ಟ್ ಲೈಕಿನ್ಸ್. ಜೀವಮಾನವೆಲ್ಲ ಸಾಮಿಲ್ಲಿನಲ್ಲಿ ಓಕ್ ಮರ ಕೊಯ್ದು ಹತ್ತೂ ಬೆರಳು ಉಳಿಸಿಕೊಂಡವನು. ಗರಗಸದ ಮುಂದೆ ಒಂದು ದಿನವೂ ಹೆದರದ ಆ ಹತ್ತು ಬೆರಳುಗಳು ಬ್ಯಾಂಜೋ ತಂತಿಗಳ ಮುಂದೆ ಮಾತ್ರ ಕೈಕೊಟ್ಟವು. ಇದನ್ನು ಏನೆನ್ನೋಣ?

ನನ್ನ ಹೆಂಡತಿ ನೇಡೀನ್ ತೀರಿಕೊಂಡ ಮೇಲೆ, ಇದು ಮನೆ ಕಥೆಯಲ್ಲ, ಪೀಠಿಕೆ, ನನಗೆ ಒಂದು ಅಭ್ಯಾಸ ಹತ್ತಿಕೊಂಡಿತು. ಯಾರು ಏನು ಕೇಳಿದರೂ ತಲೆ ಅಡ್ಡಡ್ಡ ಆಡಿಸುವುದು. ಚರ್ಚಿನ ಊಟಕ್ಕೆ ಬರ್ತೀಯಾ? ಇಲ್ಲ. ಮೀನು ಹಿಡಿಯೋಕೆ? ಇಲ್ಲ. ಪಕ್ಕದ ಮನೆಯವರು ಬಿಸಿಬಿಸಿ ಪೈ ಹಿಡಿದು ಬಾಗಿಲಲ್ಲಿ ನಿಂತರೂ ಇಲ್ಲ. ಮಾತೆಲ್ಲ ಟೀವಿಯಲ್ಲಿ ಹವಾಮಾನ ಹೇಳುವವನ ಜೊತೆ ಮಾತ್ರ. ಒಂದು ದಿನ ಟ್ರೆಸಾ ಅದನ್ನು ಕೇಳಿಸಿಕೊಂಡಳು. "ಅಪ್ಪಾ, ಅವನಿಗೆ ನೀನು ಶುಭರಾತ್ರಿ ಬೇರೆ ಹೇಳ್ತೀಯಾ?" ಎಂದವಳೇ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಲವಾನ್ ಅವರ ಸಂಗೀತ ಕಾರ್ಯಾಗಾರಕ್ಕೆ ತಂದು ಇಳಿಸಿದಳು. ಅವಳು ಆಗಲೇ ಹೆಸರು ಬರೆಸಿಬಿಟ್ಟಿದ್ದಳು. ಕಾರು ಹೊರಟೂ ಹೋಗಿತ್ತು. ತಲೆ ಆಡಿಸಲು ಎದುರಿಗೆ ಯಾರೂ ಇರಲಿಲ್ಲ.

ಲವಾನ್ ಅವರು ಮದುವೆಯ ಗೋಜಿಗೆ ಹೋಗದೆ ಗಿಟಾರಿನ ಜೊತೆ ಬದುಕಿದ ಹೆಣ್ಣುಮಗಳು. ಮೊದಲ ದಿನ ನನಗೆ ಕಲಿಸಿದ್ದು ಮೂರೇ ಬೆರಳಿನ ಪಾಠ: ಹೆಬ್ಬೆರಳು, ತೋರುಬೆರಳು, ನಡುಬೆರಳು. ಅವನ್ನೇ ಒಂದರ ಹಿಂದೊಂದು ತಂತಿಗಳ ಮೇಲೆ ಉರುಳಿಸಬೇಕು. ಮನೆಯಲ್ಲಿ ಉರುಳಿಸಿದೆ, ಚರ್ಚಿನ ಬೆಂಚಿನ ಮೇಲೆ ಉರುಳಿಸಿದೆ, ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಉರುಳಿಸಿದೆ. ನಮ್ಮ ನಾಯಿ ಎರಡನೇ ವಾರಕ್ಕೇ ಪಕ್ಕದ ಮನೆಯವರ ನಾಯಿಯಾಯಿತು. ಲವಾನ್ ಅವರು ಮಾತ್ರ ಬಗ್ಗಿ ನನ್ನ ಹೆಬ್ಬೆರಳನ್ನು ತಿದ್ದುತ್ತಾ, "ನಿಧಾನ, ಹೋಬಾರ್ಟ್ ಅವ್ರೇ. ಹಾಡು ಎಲ್ಲೂ ಓಡಿಹೋಗಲ್ಲ," ಅನ್ನುತ್ತಿದ್ದರು.

ಆಮೇಲೆ ಮಂಗಳವಾರದ ಜ್ಯಾಮ್ ಕೂಟ. ಎಲ್ಲರೂ ಸುತ್ತ ಕೂರುತ್ತೇವೆ, ಲವಾನ್ ಅವರು ಹಾಡು ಎತ್ತುತ್ತಾರೆ, ನಡುನಡುವೆ ಒಬ್ಬೊಬ್ಬರ ಕಡೆ ನೋಡಿ ಹುಬ್ಬು ಹಾರಿಸುತ್ತಾರೆ. ಈಗ ನಿಮ್ಮ ಸರದಿ, ಒಬ್ಬರೇ ನುಡಿಸಿ ಎಂದರ್ಥ. ಬೇಡವಾದರೆ ತಲೆ ಆಡಿಸಬೇಕು, ಸರದಿ ಪಕ್ಕದವರಿಗೆ ಹೋಗುತ್ತದೆ. ತಲೆ ಆಡಿಸುವುದು! ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಬೆಟ್ಟಗಳಲ್ಲಿ ಇದ್ದರೇ? ಮನೆಯಲ್ಲಿ ಚೆನ್ನಾಗಿಯೇ ನುಡಿಸುತ್ತಿದ್ದೆ. ಕೂಟದಲ್ಲಿ ಸರದಿ ಬಂತೆಂದರೆ ತಲೆ ತಾನಾಗಿ ಆಡುತ್ತಿತ್ತು.

ಹೀಗಿರುವಾಗ ಒಂದು ಮಂಗಳವಾರ ಕೂಟ ಜೋರಾಗಿ ನಡೆದಿತ್ತು. ಲವಾನ್ ಅವರ ತಮ್ಮ ಡೆಲ್ಮರ್ ನನ್ನ ಬೆನ್ನ ಹಿಂದೆಯೇ ನಿಂತು ಆಳೆತ್ತರದ ಬಾಸ್ ವಾದ್ಯವನ್ನು ಗುಡುಗುಡು ಬಾರಿಸುತ್ತಿದ್ದ. ಲವಾನ್ ಅವರು ನನ್ನ ಕಡೆ ವಾಲಿ ಹುಬ್ಬು ಹಾರಿಸಿದರು, ತುಟಿಯೂ ಆಡಿತು. ನಾನು ಎಂದಿನಂತೆ ತಲೆ ಆಡಿಸಿದೆ. ಚೆನ್ನಾಗಿ ಆಡಿಸಿದೆ. ಜೊತೆಗೊಂದು ನಗುವನ್ನೂ ಸೇರಿಸಿದೆ.

ಮುಂದಿನ ವಾರದಿಂದ ಅವರು ನನ್ನ ಹೆಬ್ಬೆರಳು ತಿದ್ದುವುದನ್ನು ಬಿಟ್ಟುಬಿಟ್ಟರು. ಸಭಿಕರೇ, ಗುರುಗಳು ಬೈದರೆ ಸಹಿಸಬಹುದು. ತಿದ್ದುವುದನ್ನೇ ಬಿಟ್ಟರೆ? ತಪ್ಪು ನುಡಿಸಿದರೂ ಕಣ್ಣೆತ್ತಲಿಲ್ಲ. ಬೇಕೆಂದೇ ತಪ್ಪು ನುಡಿಸಿದೆ, ಆಗಲೂ ಇಲ್ಲ. ನಾನು ಕೆಲಸಕ್ಕೆ ಬಾರದ ಶಿಷ್ಯ ಎಂದು ತೀರ್ಮಾನಿಸಿ, ಬ್ಯಾಂಜೋವನ್ನು ಡೆಲ್ಮರನ ಮನೆಗೆ ಹೊತ್ತುಕೊಂಡು ಹೋಗಿ, "ತಗೋ, ಯಾರಿಗಾದ್ರೂ ಕೊಡು. ನಿಮ್ಮಕ್ಕಂಗೆ ನನ್ನ ಮೇಲೆ ಆಸೆ ಹೋಗಿದೆ," ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹೋಗದೆ ಏನಯ್ಯಾ? ಭಾನುವಾರ ಊಟಕ್ಕೆ ಬರ್ತೀರಾ ಅಂತ ಬಾಯಿಬಿಟ್ಟು ಕೇಳಿದ್ಲು. ಹತ್ತು ಜನರ ಮುಂದೆ ತಲೆ ಆಡಿಸ್ದೆ. ಅದೂ ಹಲ್ಲು ಕಿರಿದು!"

"ಊಟಕ್ಕಾ? ನಾನು ಬ್ಯಾಂಜೋ ಸರದಿ ಅಂದ್ಕೊಂಡ್ನಲ್ಲೋ! ನಿನ್ನ ಬಾಸ್ ಗಲಾಟೇಲಿ ಏನ್ ಕೇಳ್ಸುತ್ತೆ?"

"ಅವಳು ನಿನಗೇಂತ ಬೀನ್ಸ್ ಆಗ್ಲೇ ತಂದಿಟ್ಟಿದ್ಲು ಮಾರಾಯ. ವಾರವೆಲ್ಲ ಅದನ್ನ ತಿಂದೋನು ನಾನು. ನನ್ನತ್ರ ಯಾಕೆ ಹೇಳ್ತೀಯಾ? ಅವಳತ್ರ ಹೇಳು."

ಹೇಳುವುದೇನು ಸುಲಭವೇ? ಮುಂದಿನ ಮಂಗಳವಾರ ಬೆವರುತ್ತಾ ಬಂದು ಕೂತೆ. ಹಾಡು ಸುತ್ತಿ ಬಂತು. ಲವಾನ್ ಅವರ ಕಣ್ಣು ನನ್ನ ಬಲಗಡೆಯವರಿಂದ ನೇರವಾಗಿ ಎಡಗಡೆಯ ಪಿಟೀಲಿನವರಿಗೆ ಜಿಗಿಯಿತು. ನಡುವೆ ಖಾಲಿ ಕುರ್ಚಿ ಇದ್ದಂತೆ! ಎಲ್ಲಿಂದ ಧೈರ್ಯ ಬಂತೋ ಕಾಣೆ, "ನಂದು!" ಎಂದು ಕೂಗಿಬಿಟ್ಟೆ.

ನುಡಿಸಿದೆ. ಏನು ನುಡಿಸಿದೆ ಎಂದು ಕೇಳಬೇಡಿ. ತಂತಿ ಮೀಟಲು ಬೆರಳಿಗೆ ಹಾಕಿದ್ದ ತಗಡಿನ ಉಗುರೊಂದು ಹಾರಿ, ಹಿಂದೆ ತಿಂಡಿಯ ಮೇಜಿನ ಮೇಲಿದ್ದ ಆಲೂಗಡ್ಡೆ ಸಲಾಡಿನಲ್ಲಿ ಬಿತ್ತು. ಉಳಿದ ಎರಡು ಬೆರಳಲ್ಲಿ ದಾರಿ ತಪ್ಪಿ, ಹಾಡಿನ ಹಿತ್ತಲಿಗೆ ಹೋಗಿ, ಬೇಲಿ ಹಾರಿ, ಎಲ್ಲೆಲ್ಲೋ ಅಲೆದೆ. ಅಷ್ಟೂ ಹೊತ್ತು ಲವಾನ್ ಅವರು ಗಿಟಾರಿನಲ್ಲಿ ಒಂದೇ ಸ್ವರಗುಚ್ಛ ಹಿಡಿದು, ನಾನು ಹೊರಬರುವವರೆಗೆ ಬಾಗಿಲು ತೆರೆದು ಕಾದರು. ಕೊನೆಗೂ ಬಂದೆ.

"ಹೋಬಾರ್ಟ್ ಅವ್ರೇ, ಏನದು?" ಎಂದರು.

"ನೀವು ಆವತ್ತು ಊಟಕ್ಕೆ ಕರೆದಿದ್ದು ನಂಗೆ ಕೇಳಿಸ್ಲಿಲ್ಲ. ನುಡಿಸಿ ಅಂದ್ರೇನೋ ಅಂತ ತಲೆ ಆಡಿಸ್ದೆ. ಊಟ ಅಂತ ಗೊತ್ತಾಗಿದ್ರೆ ಓಡಿ ಬರ್ತಿದ್ದೆ."

ಲವಾನ್ ಅವರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿದರು.

"ಬ್ಯಾಂಜೋ ನುಡಿಸಿ ಅನ್ನೋಕೆ ಯಾರಾದ್ರೂ ತುಟಿಗೆ ಬಣ್ಣ ಹಚ್ಕೊಂಡು ಬರ್ತಾರೇನ್ರೀ?" ಎಂದರು. ಆಮೇಲೆ ಗಿಟಾರಿನ ಕಡೆ ನೋಡುತ್ತಾ, "ಈ ಭಾನುವಾರ ಬೀನ್ಸ್ ಇಲ್ಲ. ಕೋಳಿ. ಮಧ್ಯಾಹ್ನ ಬನ್ನಿ."

ಹೋದೆ. ಎರಡನೇ ಸಲ ಬಡಿಸಲು ಬಂದಾಗ ಬೇಡವೆನ್ನಲು ತಲೆಯೇ ಆಡಲಿಲ್ಲ. ಇಷ್ಟು ವರ್ಷ ಹಸಿದುಕೊಂಡೇ ಇದ್ದೆನೆಂದು ಆ ತಟ್ಟೆಯ ಮುಂದೆ ನನಗೆ ಗೊತ್ತಾಯಿತು. ನಾನು ಸ್ವಲ್ಪ ಹೊತ್ತು ಕರವಸ್ತ್ರ... ಇರಲಿ. ಅವರು ಏನೂ ಕೇಳದೆ ಕಾಫಿ ಕಾಯಿಸಲು ಎದ್ದುಹೋದರು.

ಆದ್ದರಿಂದ ಸಭಿಕರೇ, ಬ್ಲೂಗ್ರಾಸ್ ಕಲಿಯುವುದು ಹೇಗೆ ಎಂಬ ಇಂದಿನ ವಿಷಯದ ಬಗ್ಗೆ ಹೇಳುವುದಾದರೆ... ನೋಡಿ, ವೇದಿಕೆಯ ಮೇಲೆ ನಮ್ಮ ಗುರುಗಳು ಒಂದು ಕಾಲೆತ್ತಿ ಹಿಡಿದಿದ್ದಾರೆ. ಹೊಸಬರಿಗೆ ತಿಳಿಯಲಿ, ಕೂಟದಲ್ಲಿ ಹಾಡು ನಡೆಸುವವರು ಕಾಲೆತ್ತಿದರೆ ಇನ್ನು ಮುಗಿಸಿ ಎಂದರ್ಥ. ಮುಗಿಸುತ್ತೇನೆ. ಮುಂದಿನ ತಿಂಗಳು ಇದೇ ಸಭಾಂಗಣದಲ್ಲಿ ನಡೆಯುವ ನಮ್ಮಿಬ್ಬರ ಮದುವೆಗೆ ತಾವೆಲ್ಲರೂ...

ಓ. ಅದನ್ನು ಹೇಳಬೇಡಿ ಅಂತಲೇ ಕಾಲೆತ್ತಿದಿರಾ?

ಟ್ರೆಸಾ, ಕೂತ್ಕೋ ಪುಟ್ಟಾ. ಮನೆಗೆ ಹೋಗಿ ಮಾತಾಡೋಣ. ಅಳ್ತಿದ್ದೀಯೋ ನಗ್ತಿದ್ದೀಯೋ, ಇಲ್ಲಿಂದ ನಂಗೆ ಕಾಣ್ತಿಲ್ಲ. ನಗ್ತಿದ್ದೀಯಾ? ಸರಿ ಹಾಗಾದ್ರೆ.

ಗಾರ್ನೆಟ್ ಅವರಿಗೆ, ಡೆಲ್ಮರನಿಗೆ, ಆ ಸಲಾಡ್ ತಿಂದೂ ದೂರು ಹೇಳದ ಮಹನೀಯರಿಗೆ, ಇಷ್ಟು ಹೊತ್ತು ಕೇಳಿದ ನಿಮಗೆಲ್ಲರಿಗೂ ನನ್ನ ಧನ್ಯವಾದ. ನಮ್ಮಿಬ್ಬರ ನಮಸ್ಕಾರ.